ಊರಿನ ಹಳೆ ಕಸದ ಗುಡ್ಡ ಕರಗಿಸಿ ಜಾಗ ಜನರಿಗೆ ಕೊಡಿಸುವುದು ಹೇಗೆ: ಅಳತೆಯಿಂದ ಪಾರ್ಕಿನ ಗೇಟಿನವರೆಗೆ ಸಮಗ್ರ ಮಾರ್ಗದರ್ಶಿ

ಒಂದು ಕಾಲಕ್ಕೆ ಊರಾಚೆ ಇದ್ದ ಕಸದ ಗುಡ್ಡ ಈಗ ಊರೊಳಗೇ ಇದೆ. ಸುತ್ತ ಲೇಔಟ್ ಎದ್ದಿದೆ, ಶಾಲೆ ಬಂದಿದೆ. ನಿವಾಸಿಗಳ ಸಂಘದವರು ಮನವಿ ಕೊಡುತ್ತಾರೆ: "ಕಸ ತೆಗೆಸಿ, ಪಾರ್ಕ್ ಮಾಡಿಕೊಡಿ." ಮನವಿಗೆ ಸೀಲು ಬೀಳುತ್ತದೆ, ಫೈಲು ಕಪಾಟು ಸೇರುತ್ತದೆ. ಹೊಸ ಆಯುಕ್ತರು ಬಂದಾಗ ಇನ್ನೊಂದು ಮನವಿ. ಊರೂರಲ್ಲೂ ಇದೇ ಕಥೆ.

ಈ ಕೆಲಸಕ್ಕೆ ಸರ್ಕಾರದ ಹಣ ಇದೆ. ಜನ ಸೋಲುವುದು ಹೆಜ್ಜೆಗಳ ಕ್ರಮದಲ್ಲಿ. ಸರ್ಕಾರ ಹಣ ಕೊಡುವುದು ಟನ್ ಲೆಕ್ಕದಲ್ಲಿ. ಜನ ಕೇಳುವುದು ಎಕರೆ ಲೆಕ್ಕದಲ್ಲಿ. ಎರಡನ್ನೂ ಒಂದೇ ಫೈಲಿನಲ್ಲಿ ಗಂಟು ಹಾಕದಿದ್ದರೆ, ಕಸ ಹೋದ ಮೇಲೂ ಜಾಗ ನಿಮ್ಮ ಕೈಗೆ ಬರುವುದಿಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಹಾರಿಸಿದರೆ ಮುಂದಿನದು ಅಲ್ಲೇ ನಿಲ್ಲುತ್ತದೆ.

## ಶುರು ಮಾಡುವ ಮುನ್ನ ಕೈಯಲ್ಲಿರಬೇಕಾದವು

ಜಾಗದ ಪಹಣಿ ಮತ್ತು ಸರ್ವೆ ನಕ್ಷೆ. ಜಾಗದ ಹಳೆಯ ಮತ್ತು ಈಗಿನ ಉಪಗ್ರಹ ಚಿತ್ರ. ಊರಿನ ಮಾಸ್ಟರ್ ಪ್ಲಾನ್‌ನಲ್ಲಿ ಆ ಸರ್ವೆ ನಂಬರಿಗೆ ಯಾವ ಬಣ್ಣ ಬಿದ್ದಿದೆ, ಅಂದರೆ ಯಾವ ಬಳಕೆಗೆ ಗುರುತಾಗಿದೆ ಎಂಬ ಪುಟದ ಪ್ರತಿ. ತೇದಿ ಬರೆದು ಇಡುವ ಒಂದು ದಪ್ಪ ನೋಟ್‌ಬುಕ್. ಲೊಕೇಶನ್ ಮತ್ತು ಸಮಯ ಅಚ್ಚಾಗುವ ಫೋಟೋ ಆ್ಯಪ್ ಇರುವ ಫೋನು.

ಜನ ಎಷ್ಟು ಬೇಕು? ನಾಲ್ಕೈದು ಜನ ಸಾಕು. ಒಬ್ಬರಿಗೆ ಲೆಕ್ಕ ಗೊತ್ತಿರಬೇಕು, ಒಬ್ಬರಿಗೆ ಕಂದಾಯದ ಕಾಗದ ಓದಲು ಬರಬೇಕು, ಒಬ್ಬರು ದಿನಾ ಆ ರಸ್ತೆಯಲ್ಲಿ ಓಡಾಡುವವರಾಗಿರಬೇಕು. ಮೂರನೆಯವರು ತುಂಬಾ ಮುಖ್ಯ. ರಾತ್ರಿ ಯಾವ ಲಾರಿ ಬಂತು ಅನ್ನೋದು ಅವರಿಗೇ ಗೊತ್ತಾಗುವುದು.

ಗುಡ್ಡದ ಮೇಲೆ ಹತ್ತಬೇಡಿ. ಒಳಗೆ ಮೀಥೇನ್ ಅನಿಲ ಇರುತ್ತದೆ, ಬೆಂಕಿ ಮೇಲಕ್ಕೆ ಕಾಣದೆ ಒಳಗೇ ಉರಿಯುತ್ತಿರುತ್ತದೆ, ಮಳೆ ಬಿದ್ದರೆ ರಾಶಿ ಜಾರುತ್ತದೆ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಬಂದದ್ದು ನೆನಪಿದೆ ಅಲ್ವಾ? ಫೋಟೋ ಬೇಕಿದ್ದರೆ ದೂರದಿಂದ ತೆಗೆಯಿರಿ.

## ಹಂತ 1: ಅದು ಯಾವ ಥರದ ಮಲಿನ ಜಾಗ ಎಂದು ತೀರ್ಮಾನಿಸಿ

ಇಲ್ಲಿ ತಪ್ಪಿದರೆ ಅರ್ಜಿ ತಪ್ಪು ಕಚೇರಿಯಲ್ಲಿ ವರ್ಷಗಟ್ಟಲೆ ಕೂರುತ್ತದೆ. ಮುಖ್ಯವಾಗಿ ಎರಡು ದಾರಿಗಳಿವೆ.

ಊರಿನ ಮನೆ, ಮಾರುಕಟ್ಟೆ, ಹೋಟೆಲಿನ ಕಸ ಸುರಿದು ಆದ ಗುಡ್ಡವಾದರೆ ಅದು ಹಳೆ ತ್ಯಾಜ್ಯ. ಜವಾಬ್ದಾರಿ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ ಅಥವಾ ಪಾಲಿಕೆಯದು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಇದನ್ನು ಸ್ಪಷ್ಟವಾಗಿ ಹೇಳಿದವು: ಹಳೆಯ ಸುರಿಜಾಗಗಳನ್ನು ಪರಿಶೀಲಿಸಿ, ಸಾಧ್ಯವಿರುವ ಕಡೆ ಬಯೋಮೈನಿಂಗ್ (ಹಳೆ ಕಸವನ್ನು ಬಿಡಿಸಿ, ಹದ ಮಾಡಿ, ಸೋಸಿ ಬೇರ್ಪಡಿಸುವುದು) ಮಾಡಬೇಕು, ಆಗದ ಕಡೆ ವೈಜ್ಞಾನಿಕವಾಗಿ ಮುಚ್ಚಬೇಕು. ಹಣ ಸ್ವಚ್ಛ ಭಾರತ ಮಿಷನ್-ನಗರ 2.0 ಕಡೆಯಿಂದ. ಬೆಂಗಳೂರಿನಲ್ಲಿ ಈ ಕೆಲಸ ನೋಡುವುದು ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ.

ಮುಚ್ಚಿಹೋದ ಕಾರ್ಖಾನೆ, ಎಲೆಕ್ಟ್ರೋಪ್ಲೇಟಿಂಗ್ ಶೆಡ್ಡು, ರಾಸಾಯನಿಕ ಗೋದಾಮು ಇದ್ದ ಜಾಗವಾದರೆ ದಾರಿ ಬೇರೆ. ಪೀಣ್ಯದ ಅಂತರ್ಜಲಕ್ಕೆ ಕ್ರೋಮಿಯಂ ಇಳಿದದ್ದು ಇಂಥ ಮಾಲಿನ್ಯ. ಇದಕ್ಕೆ 2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಮಲಿನ ಜಾಗಗಳ ನಿರ್ವಹಣೆಗೆಂದೇ ಪ್ರತ್ಯೇಕ ನಿಯಮ ತಂದಿದೆ. ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಅನುಮಾನದ ಜಾಗಗಳ ಪಟ್ಟಿ ಕಳಿಸಬೇಕು. ಮಾಹಿತಿ ಬಂದ 90 ದಿನದೊಳಗೆ ಮೊದಲ ಪರಿಶೀಲನೆ ಆಗಬೇಕು. ಮಲಿನ ಎಂದು ಖಚಿತವಾದರೆ, ಮಾಡಿದವರಿಂದಲೇ ಖರ್ಚು ವಸೂಲಿ. ಮಾಡಿದವರು ಸಿಗದಿದ್ದರೆ, ಅಥವಾ ಅವರಿಗೆ ಕಟ್ಟಲು ಆಗದಿದ್ದರೆ, ಖರ್ಚು ಸರ್ಕಾರದ ಮೇಲೆ ಬರುತ್ತದೆ. ಹಾಗಾಗಿ ಇಲ್ಲಿ ನಿಮ್ಮ ಮೊದಲ ಅರ್ಜಿ ಜಿಲ್ಲಾಧಿಕಾರಿಗೆ, ಪ್ರತಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ. "ಮುಂದಿನ ಅರ್ಧವಾರ್ಷಿಕ ಪಟ್ಟಿಯಲ್ಲಿ ಈ ಸರ್ವೆ ನಂಬರ್ ಸೇರಿಸಿ" ಎಂಬ ಒಂದೇ ಕೋರಿಕೆ ಇರಲಿ.

ಎಡವಟ್ಟಾಗುವುದು ಇಲ್ಲೇ: ಈ 2025ರ ನಿಯಮ ನಗರದ ಕಸದ ಗುಡ್ಡಗಳಿಗೆ ಅನ್ವಯಿಸುವುದಿಲ್ಲ, ಗಣಿ ತ್ಯಾಜ್ಯಕ್ಕೂ ಇಲ್ಲ. ಕಸದ ಗುಡ್ಡಕ್ಕೆ ಈ ನಿಯಮ ಉಲ್ಲೇಖಿಸಿ ಅರ್ಜಿ ಹಾಕಿದರೆ "ವ್ಯಾಪ್ತಿಗೆ ಬರುವುದಿಲ್ಲ" ಎಂದು ವಾಪಸ್ ಬರುತ್ತದೆ. ಇನ್ನು ಕಸದ ಗುಡ್ಡದೊಳಗೇ ಡ್ರಮ್ಮು, ಬಣ್ಣಬಣ್ಣದ ಕೆಸರು, ಆಸ್ಪತ್ರೆ ತ್ಯಾಜ್ಯ ಕಂಡರೆ ಅದನ್ನು ಮನವಿಯ ಮೊದಲ ಸಾಲಿನಲ್ಲೇ ಬರೆಯಿರಿ. ಅಂಥ ಜಾಗದಲ್ಲಿ ಸುಮ್ನೆ ಜೆಸಿಬಿ ಇಳಿಸುವುದು ಕೆಲಸಗಾರರ ಜೀವಕ್ಕೇ ಅಪಾಯ.

ಇಲ್ಲಿಂದ ಮುಂದಿನದು ಕಸದ ಗುಡ್ಡದ ದಾರಿ. ನಮ್ಮ ಹೆಚ್ಚಿನ ಊರುಗಳ ಕಷ್ಟ ಇದೇ ತಾನೇ.

## ಹಂತ 2: ಜಾಗ ಯಾರದ್ದು ಎಂದು ಕಾಗದದಲ್ಲಿ ಖಚಿತ ಮಾಡಿಕೊಳ್ಳಿ

ನಲವತ್ತು ವರ್ಷದಿಂದ ಪುರಸಭೆ ಕಸ ಹಾಕುತ್ತಿದೆ ಎಂದ ಮಾತ್ರಕ್ಕೆ ಜಾಗ ಪುರಸಭೆಯದ್ದಲ್ಲ. ಗೋಮಾಳ ಇರಬಹುದು, ಕೆರೆ ಅಂಗಳ ಇರಬಹುದು, ಒಂದು ಮೂಲೆ ಖಾಸಗಿಯವರದ್ದೂ ಇರಬಹುದು. ಪಹಣಿಯ ಕಾಲಂನಲ್ಲಿ ಯಾರ ಹೆಸರಿದೆ ನೋಡಿ. ಹೆಸರು ಬೇರೆ ಇದ್ದರೆ ತಹಶೀಲ್ದಾರರ ಮೂಲಕ ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಮೊದಲು ಆಗಲಿ.

ಆಮೇಲೆ ಸರ್ವೆ ಇಲಾಖೆಯಿಂದ ಹದ್ದುಬಸ್ತು ಮಾಡಿಸಿ, ಮೂಲೆಗಳಿಗೆ ಕಲ್ಲು ನೆಡಿಸಿ. ಕಸ ಖಾಲಿಯಾದ ಮರುದಿನವೇ ಆ ಜಾಗದ ಬೆಲೆ ಏರುತ್ತದೆ. ಆಗ ಗಡಿ ತಗಾದೆ ಎಬ್ಬಿಸುವವರು ಬರುತ್ತಾರೆ. ಕಲ್ಲು ಮೊದಲೇ ಇದ್ದರೆ ಒತ್ತುವರಿ ಮಾಡುವವರ ಕೈ ಕಟ್ಟಿದಂತೆ.

## ಹಂತ 3: ಹೊಸ ಕಸ ಬರುವುದನ್ನು ನಿಲ್ಲಿಸಿ

ಇದನ್ನು ಹೆಚ್ಚಿನವರು ಕೊನೆಗೆ ಬಿಡುತ್ತಾರೆ. ನನ್ನ ಪ್ರಕಾರ ಸೋಲಿನ ದೊಡ್ಡ ಕಾರಣ ಇದೇ. ಒಂದು ಕಡೆ ಯಂತ್ರ ಹಳೆ ಕಸ ಸೋಸುತ್ತಿದ್ದರೆ ಇನ್ನೊಂದು ಕಡೆ ಟಿಪ್ಪರ್ ಹೊಸ ಕಸ ಸುರಿಯುತ್ತಿರುತ್ತದೆ. ತೂತು ಕೊಡಕ್ಕೆ ನೀರು ತುಂಬಿಸಿದ ಹಾಗೆ. ಮೇಲಾಗಿ ಹೊಸ ಹಸಿ ಕಸ ಹಳೆಯದರ ಜೊತೆ ಸೇರಿದರೆ ಜರಡಿಯೇ ಕಟ್ಟಿಕೊಳ್ಳುತ್ತದೆ.

ಹೊಸ ಕಸಕ್ಕೆ ಬೇರೆ ಜಾಗ, ಹಸಿ-ಒಣ ವಿಂಗಡಣೆ, ಗೊಬ್ಬರದ ಘಟಕ, ಒಣ ಕಸ ಸಂಗ್ರಹ ಕೇಂದ್ರ ಎಲ್ಲಿ ಎಂಬುದು ಬರವಣಿಗೆಯಲ್ಲಿ ಇರಲೇಬೇಕು. ಪೂರ್ತಿ ನಿಲ್ಲಿಸಲು ಇನ್ನೂ ಸಮಯ ಬೇಕು ಎಂದರೆ, ಜಾಗದ ಒಂದು ಮೂಲೆಗೆ ಬೇಲಿ ಹಾಕಿ ಹೊಸದನ್ನು ಅಲ್ಲಿಗೆ ಮಾತ್ರ ಬಿಡಿ. ಬೇಲಿ ದಾಟಿದ ಪ್ರತಿ ಟಿಪ್ಪರಿನ ಫೋಟೋ ನೋಟ್‌ಬುಕ್ಕಿಗೆ ಹೋಗಲಿ.

ಎಚ್ಚರಿಕೆ ಗುರುತು: "ಮೊದಲು ಹಳೆಯದು ಮುಗಿಯಲಿ, ಆಮೇಲೆ ಹೊಸದರ ಬಗ್ಗೆ ನೋಡೋಣ" ಎಂದು ಯಾರಾದರೂ ಹೇಳಿದರೆ ಅಲ್ಲೇ ತಡೆಯಿರಿ. ಹಾಗೆ ಶುರುವಾದ ಕೆಲಸ ಮುಗಿಯುವುದಿಲ್ಲ.

## ಹಂತ 4: ಅಳತೆ ಮಾಡಿಸಿ, ಅಳತೆಯನ್ನು ಪರೀಕ್ಷಿಸಿ

ಇಡೀ ಹಣದ ಲೆಕ್ಕ ನಿಂತಿರುವುದು ಗುಡ್ಡದಲ್ಲಿ ಎಷ್ಟು ಟನ್ ಇದೆ ಎಂಬುದರ ಮೇಲೆ. ಟನ್ ಅಂದರೆ ಘನ ಅಳತೆಯನ್ನು ಸಾಂದ್ರತೆಯಿಂದ ಗುಣಿಸಿದ್ದು. ಎರಡರಲ್ಲೂ ಮೋಸವಾಗಬಹುದು, ಎರಡನ್ನೂ ಸಾಮಾನ್ಯ ಜನ ಪರೀಕ್ಷಿಸಬಹುದು.

ಘನ ಅಳತೆಗೆ ಡ್ರೋನ್ ಅಥವಾ ಟೋಟಲ್ ಸ್ಟೇಶನ್ (ದೂರ, ಎತ್ತರ ಅಳೆಯುವ ಯಂತ್ರ) ಸರ್ವೆ ಮಾಡುತ್ತಾರೆ. ಅದರಿಂದ ಎತ್ತರದ ಗೆರೆಗಳ ನಕ್ಷೆ ಬರುತ್ತದೆ. ಆದರೆ ಡ್ರೋನ್ ಕಣ್ಣಿಗೆ ಕಾಣುವುದು ನೆಲದ ಮೇಲಿನದು ಮಾತ್ರ. ನಮ್ಮ ಎಷ್ಟೋ ಸುರಿಜಾಗಗಳು ಹಳೆ ಕಲ್ಲುಕ್ವಾರಿ, ಇಟ್ಟಿಗೆ ಗುಂಡಿ, ಹಳ್ಳ. ಕಸ ನೆಲದ ಕೆಳಗೂ ಇರುತ್ತದೆ. ಅದಕ್ಕೇ ನಾಲ್ಕಾರು ಕಡೆ ಪರೀಕ್ಷಾ ಗುಂಡಿ ತೋಡಿ, ಮೂಲ ಮಣ್ಣು ಎಷ್ಟು ಆಳದಲ್ಲಿ ಸಿಗುತ್ತದೆ ಎಂದು ಬರೆಸಬೇಕು. ಗುಂಡಿ ತೋಡುವ ದಿನ ನೀವು ಅಲ್ಲಿರಿ. ಬಣ್ಣ ಬದಲಾಗುವ ಜಾಗ ಕಣ್ಣಿಗೇ ಕಾಣುತ್ತದೆ: ಕಪ್ಪು, ಪ್ಲಾಸ್ಟಿಕ್ ಎಳೆ ಎಳೆಯಾಗಿ ನೇತಾಡುವ ಪದರ ಮುಗಿದು ಕೆಂಪು ಅಥವಾ ಬೂದು ಮಣ್ಣು ಶುರುವಾಗುತ್ತದೆ.

ಒಂದು ಉದಾಹರಣೆ ಲೆಕ್ಕ ಹಾಕೋಣ. 4 ಎಕರೆ ಅಂದರೆ ಸುಮಾರು 16,187 ಚದರ ಮೀಟರ್. ನೆಲದ ಮೇಲೆ ಸರಾಸರಿ 5 ಮೀಟರ್ ಕಸ ಇದ್ದರೆ ಸುಮಾರು 80,900 ಘನ ಮೀಟರ್. ಸಾಂದ್ರತೆ ಘನ ಮೀಟರಿಗೆ 0.7 ಟನ್ ಎಂದಿಟ್ಟುಕೊಂಡರೆ ಸುಮಾರು 56,600 ಟನ್. ಇನ್ನು ಕೆಳಗೆ 2 ಮೀಟರ್ ಗುಂಡಿ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ ಅನ್ನಿ. ಅಲ್ಲಿ ಇನ್ನೂ ಸುಮಾರು 22,600 ಟನ್ ಕೂತಿದೆ. ಟನ್‌ಗೆ 550 ರೂಪಾಯಿಯಂತೆ ಸುಮಾರು 1.24 ಕೋಟಿ ರೂಪಾಯಿಯ ಕೆಲಸ ಅಂದಾಜಿನಿಂದಲೇ ಬಿದ್ದುಹೋಯಿತು. ಗುತ್ತಿಗೆದಾರರು ಮೇಲಿನದು ತೆಗೆದು ಹೋಗುತ್ತಾರೆ, ಕೆಳಗಿನ ಕಸದ ಮೇಲೆ ಕೆಮ್ಮಣ್ಣು ಹರಡಿ ಪಾರ್ಕ್ ಎಂದು ಕರೆಯುತ್ತಾರೆ. ಎರಡು ಮಳೆಗಾಲ ಕಳೆದ ಮೇಲೆ ವಾಕಿಂಗ್ ಪಾತ್ ಕುಸಿಯುತ್ತದೆ.

ಸಾಂದ್ರತೆ ಪರೀಕ್ಷೆಗೆ ದೊಡ್ಡ ಉಪಕರಣ ಬೇಡ. ಒಂದು ಟ್ರ್ಯಾಕ್ಟರ್ ಟ್ರೇಲರಿನ ಒಳ ಅಳತೆ ತೆಗೆಯಿರಿ. ಉದ್ದ 3 ಮೀಟರ್, ಅಗಲ 1.8, ಎತ್ತರ 0.6 ಇದ್ದರೆ ಒಳಗೆ 3.24 ಘನ ಮೀಟರ್ ಹಿಡಿಯುತ್ತದೆ. ಖಾಲಿ ಟ್ರೇಲರನ್ನು ವೇಬ್ರಿಡ್ಜ್‌ನಲ್ಲಿ ತೂಗಿಸಿ. ಅಂಚಿನ ಮಟ್ಟಕ್ಕೆ ಕಸ ತುಂಬಿಸಿ ಮತ್ತೆ ತೂಗಿಸಿ. ಕಸದ ತೂಕ 2,270 ಕಿಲೋ ಬಂದರೆ ಸಾಂದ್ರತೆ 0.7. ಗುಡ್ಡದ ಹಳೆಯ ಬದಿ, ಹೊಸ ಬದಿ, ನಡುಭಾಗ ಹೀಗೆ ಬೇರೆ ಬೇರೆ ಕಡೆಯಿಂದ ಮಾಡಿ ಸರಾಸರಿ ತೆಗೆಯಿರಿ. ಮಳೆಗಾಲದಲ್ಲಿ ಬೇಡ. ನೆನೆದ ಕಸದಲ್ಲಿ ನೀರಿಗೂ ದುಡ್ಡು ಕೊಟ್ಟಂತಾಗುತ್ತದೆ.

ಇದೇ ಹಂತದಲ್ಲಿ ಸುತ್ತಲಿನ ಬೋರ್‌ವೆಲ್ ನೀರು ಮತ್ತು ಮಣ್ಣಿನ ಮೊದಲ ಪರೀಕ್ಷೆ ಆಗಬೇಕು. ಇಳಿಜಾರಿನ ಮೇಲ್ಭಾಗದ ಒಂದು ಬೋರ್‌ವೆಲ್, ಕೆಳಭಾಗದ ಎರಡು. ಈಗಿನ ಅಂಕಿ ಇಲ್ಲದಿದ್ದರೆ ಕೊನೆಯಲ್ಲಿ "ಸುಧಾರಿಸಿದೆ" ಎಂದು ಯಾವುದಕ್ಕೆ ಹೋಲಿಸಿ ಹೇಳುವುದು?

## ಹಂತ 5: ಮುಂದಿನ ಬಳಕೆಯನ್ನು ಈಗಲೇ ಠರಾವಿನಲ್ಲಿ ಬರೆಸಿ

ಕಸ ತೆಗೆದ ಮೇಲೆ ಜಾಗ ಏನಾಗಬೇಕು ಎಂಬ ಮಾತು ಯಂತ್ರ ಬರುವ ಮೊದಲೇ ಕಾಗದದ ಮೇಲೆ ಇರಬೇಕು. ಸಾಮಾನ್ಯ ಸಭೆಯ ಠರಾವಿನಲ್ಲಿ ಸರ್ವೆ ನಂಬರ್, ವಿಸ್ತೀರ್ಣ, ಉದ್ದೇಶ ಮೂರೂ ಇರಲಿ. ಉದಾಹರಣೆಗೆ: "ಸರ್ವೆ ನಂಬರ್ ಇಂತಿಷ್ಟರ 4 ಎಕರೆಯಲ್ಲಿ 3 ಎಕರೆ ಉದ್ಯಾನ ಮತ್ತು ಆಟದ ಮೈದಾನಕ್ಕೆ, 1 ಎಕರೆ ಒಣ ಕಸ ವಿಂಗಡಣಾ ಕೇಂದ್ರಕ್ಕೆ." ಚುನಾಯಿತ ಮಂಡಳಿ ಇಲ್ಲದ ಕಾಲದಲ್ಲಿ ಇದೇ ತೀರ್ಮಾನವನ್ನು ಆಡಳಿತಾಧಿಕಾರಿ ಮಾಡಬಹುದು.

ಇದನ್ನು ಬಿಟ್ಟರೆ ಏನಾಗುತ್ತದೆ ಗೊತ್ತಾ? ಟನ್ ಲೆಕ್ಕದ ಕೆಲಸ ಮುಗಿಯುತ್ತದೆ, ದಾಖಲೆಯಲ್ಲಿ ಯೋಜನೆ ಪೂರ್ಣ. ಜಾಗ ಖಾಲಿ. ಆಗ ವಾಣಿಜ್ಯ ಸಂಕೀರ್ಣದ ಪ್ರಸ್ತಾವ ಬರುತ್ತದೆ, ಇಲ್ಲವೇ ಕಟ್ಟಡ ಅವಶೇಷ ಸುರಿಯಲು ಶುರುವಾಗುತ್ತದೆ.

ಮಾಸ್ಟರ್ ಪ್ಲಾನ್‌ನಲ್ಲಿ ಆ ಜಾಗ ಬೇರೆ ಬಳಕೆಗೆ ಗುರುತಾಗಿದ್ದರೆ, ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಸೆಕ್ಷನ್ನಿನಡಿ ಭೂಬಳಕೆ ಬದಲಾವಣೆ ಬೇಕು. ಆ ಅರ್ಜಿಯನ್ನೂ ಈಗಲೇ ಹಾಕಿಸಿ. ಅದಕ್ಕೆ ಸಮಯ ಹಿಡಿಯುತ್ತದೆ.

ಗುಡ್ಡದ ಮೇಲೆ ಚಿಂದಿ ಆಯ್ದು ಬದುಕುವವರನ್ನು ಈ ಠರಾವಿನಲ್ಲಿ ಮರೆಯಬೇಡಿ. ಇಷ್ಟು ವರ್ಷ ಊರಿನ ಪ್ಲಾಸ್ಟಿಕ್ಕು, ಕಬ್ಬಿಣ ಬೇರ್ಪಡಿಸಿದವರು ಅವರು. ಅವರ ಪಟ್ಟಿ ಮಾಡಿ, ಗುರುತಿನ ಚೀಟಿ ಕೊಡಿಸಿ, ವಿಂಗಡಣೆ ಕೆಲಸದಲ್ಲಿ ಮೊದಲ ಆದ್ಯತೆ ಅವರಿಗೇ ಎಂದು ಬರೆಸಿ.

## ಹಂತ 6: ಹಣದ ಲೆಕ್ಕ ಕಟ್ಟಿ

ಸ್ವಚ್ಛ ಭಾರತ ಮಿಷನ್-ನಗರ 2.0 ಶುರುವಾದದ್ದು 2021ರ ಅಕ್ಟೋಬರ್ 1ರಂದು. ಅದರ ಮಾರ್ಗಸೂಚಿಯಲ್ಲಿ ಹಳೆ ತ್ಯಾಜ್ಯಕ್ಕೆ ಟನ್‌ಗೆ 550 ರೂಪಾಯಿ ಲೆಕ್ಕ ಹಿಡಿದಿದ್ದಾರೆ. ಆ ಮೊತ್ತದಲ್ಲಿ ಕೇಂದ್ರದ ಪಾಲು ಊರಿನ ಗಾತ್ರದ ಮೇಲೆ ನಿಲ್ಲುತ್ತದೆ: 1 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿಗೆ ಶೇ 50, 1ರಿಂದ 10 ಲಕ್ಷದವರೆಗೆ ಶೇ 33, 10 ಲಕ್ಷಕ್ಕಿಂತ ಜಾಸ್ತಿ ಇದ್ದರೆ ಶೇ 25. ಉಳಿದದ್ದು ರಾಜ್ಯ ಮತ್ತು ಸ್ಥಳೀಯ ಸಂಸ್ಥೆ ಸೇರಿ ಹಾಕಬೇಕು.

ಮೇಲಿನ ಉದಾಹರಣೆಯ 56,600 ಟನ್‌ಗೆ ಒಟ್ಟು ಸುಮಾರು 3.11 ಕೋಟಿ. ಊರಲ್ಲಿ 1 ಲಕ್ಷಕ್ಕಿಂತ ಕಡಿಮೆ ಜನ ಇದ್ದರೆ ಕೇಂದ್ರದಿಂದ ಸುಮಾರು 1.55 ಕೋಟಿ. ಬಾಕಿ ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಎಷ್ಟೋ ಪ್ರಸ್ತಾವಗಳು ನಿಂತಿವೆ. ಸ್ಥಳೀಯ ಸಂಸ್ಥೆಯ ಪಾಲಿಗೆ ಹಣಕಾಸು ಆಯೋಗದ ಅನುದಾನ ಬಳಸಬಹುದು. 15ನೇ ಹಣಕಾಸು ಆಯೋಗ ಚಿಕ್ಕ ನಗರಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟದ್ದಾಗಿತ್ತು. ಆ ಆಯೋಗದ ಅವಧಿ 2026ರ ಮಾರ್ಚ್‌ವರೆಗಿನದು. ಮಿಷನ್ ಕೂಡ ಐದು ವರ್ಷದ ಲೆಕ್ಕದಲ್ಲಿ ಹೊರಟದ್ದು. ಆದ್ದರಿಂದ ಪ್ರಸ್ತಾವ ಬರೆಯುವ ದಿನ ಯಾವ ಯೋಜನೆಯ ಯಾವ ಲೆಕ್ಕಶೀರ್ಷಿಕೆಯಲ್ಲಿ ಹಣ ಇದೆ ಎಂದು ಜಿಲ್ಲಾ ನಗರಾಭಿವೃದ್ಧಿ ಕೋಶದಲ್ಲಿ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತಗೊಳ್ಳಿ. ಯೋಜನೆಯ ಹೆಸರು ಬದಲಾದರೂ ಮೇಲಿನ ಹಂತಗಳ ಕಾಗದ ಎಲ್ಲವೂ ಉಪಯೋಗಕ್ಕೆ ಬರುತ್ತವೆ.

ಈಗ ಜನ ಎಡವುವ ಜಾಗ. ಟನ್ ಲೆಕ್ಕದ ಹಣ ಕಸ ಕರಗಿಸಲು. ಅದರಲ್ಲಿ ಗಿಡ, ಬೆಂಚು, ಕಾಂಪೌಂಡು, ದೀಪ ಬರುವುದಿಲ್ಲ. ಪಾರ್ಕಿಗೆ ಬೇರೆ ಹಣ ಹೊಂದಿಸಬೇಕು. ಕೇಂದ್ರದ ನಗರ ಯೋಜನೆ ಅಮೃತ್ 2.0ರಲ್ಲಿ ಹಸಿರು ಜಾಗ, ಉದ್ಯಾನಗಳಿಗೆ ಅವಕಾಶವಿದೆ. ರಾಜ್ಯದ ನಗರೋತ್ಥಾನ ಯೋಜನೆ, ಶಾಸಕರ ಪ್ರದೇಶಾಭಿವೃದ್ಧಿ ನಿಧಿ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ, ಅಂದರೆ ಸಿಎಸ್‌ಆರ್ ಹಣವನ್ನೂ ಕೇಳಬಹುದು. ಎರಡು ಪ್ರಸ್ತಾವ ಬೇರೆ ಬೇರೆ ಇರಲಿ, ಆದರೆ ಒಂದರಲ್ಲಿ ಇನ್ನೊಂದರ ಉಲ್ಲೇಖ ಇರಲಿ. ಟನ್ನಿಗೂ ಎಕರೆಗೂ ಗಂಟು ಬೀಳುವುದು ಇಲ್ಲಿ.

ಪ್ರಸ್ತಾವ ಹೋಗುವ ದಾರಿ ಹೀಗಿದೆ: ಸ್ಥಳೀಯ ಸಂಸ್ಥೆಯ ಪರಿಸರ ಎಂಜಿನಿಯರ್ ಸಮಗ್ರ ಯೋಜನಾ ವರದಿ ಮಾಡಿಸುತ್ತಾರೆ, ಜಿಲ್ಲಾ ನಗರಾಭಿವೃದ್ಧಿ ಕೋಶದ ಮೂಲಕ ಪೌರಾಡಳಿತ ನಿರ್ದೇಶನಾಲಯಕ್ಕೆ ಹೋಗುತ್ತದೆ, ರಾಜ್ಯದ ತಾಂತ್ರಿಕ ಸಮಿತಿ ನೋಡುತ್ತದೆ, ಮುಖ್ಯ ಕಾರ್ಯದರ್ಶಿ ಮಟ್ಟದ ಉನ್ನತಾಧಿಕಾರ ಸಮಿತಿ ಒಪ್ಪುತ್ತದೆ, ಆಮೇಲೆ ದೆಹಲಿ. ಪ್ರತಿ ಮೆಟ್ಟಿಲಲ್ಲೂ ಫೈಲ್ ನಂಬರ್ ಬರೆದಿಟ್ಟುಕೊಳ್ಳಿ.

## ಹಂತ 7: ಟೆಂಡರಿನ ಷರತ್ತು ಓದಿ

ಟೆಂಡರ್ ರಾಜ್ಯದ ಇ-ಸಂಗ್ರಹಣಾ ಪೋರ್ಟಲ್‌ನಲ್ಲಿ ಬರುತ್ತದೆ, ಯಾರು ಬೇಕಾದರೂ ನೋಡಬಹುದು. ಉದ್ದ ಇರುತ್ತದೆ. ನೀವು ಹುಡುಕಬೇಕಾದ್ದು ಮೂರು ವಿಷಯ.

ಹಣ ಪಾವತಿ ಯಾವ ಆಧಾರದ ಮೇಲೆ? ಬರೀ ವೇಬ್ರಿಡ್ಜ್ ಚೀಟಿ ಎಂದಿದ್ದರೆ ಒಂದೇ ಮಣ್ಣು ಎರಡು ಸಲ ತೂಗಬಹುದು. ಎತ್ತರದ ಗೆರೆಗಳ ಸರ್ವೆ ಮತ್ತೆ ಮಾಡಿ, ಗುಡ್ಡ ಎಷ್ಟು ಇಳಿಯಿತು ಎಂದು ನೋಡಿ, ಅದನ್ನೂ ಚೀಟಿಯನ್ನೂ ತಾಳೆ ಹಾಕಿ ಕೊಡಬೇಕು ಎಂದಿರಲಿ.

ಸೋಸಿದ ಮಾಲು ಎಲ್ಲಿಗೆ? ಉರಿಯುವ ತುಣುಕು, ಅಂದರೆ ಪ್ಲಾಸ್ಟಿಕ್, ಬಟ್ಟೆ, ರೆಕ್ಸಿನ್, ಸಿಮೆಂಟ್ ಕಾರ್ಖಾನೆಗೆ ಹೋಗಬೇಕು. ನಮ್ಮಲ್ಲಿ ಅವು ಜಾಸ್ತಿ ಇರುವುದು ಕಲಬುರಗಿಯ ವಾಡಿ, ಸೇಡಂ ಕಡೆ ಮತ್ತು ಬಾಗಲಕೋಟೆ ಕಡೆ. ಮೈಸೂರಿನಿಂದ ವಾಡಿಗೆ 600 ಕಿ.ಮೀ.ಗೂ ಜಾಸ್ತಿ. ಸಾಗಣೆ ಖರ್ಚು ಯಾರದ್ದು ಎಂದು ಬರೆದಿರದಿದ್ದರೆ ಆ ರಾಶಿ ನಿಮ್ಮ ಊರಲ್ಲೇ ಉಳಿಯುತ್ತದೆ. ಕಾರ್ಖಾನೆಯ ಒಪ್ಪಿಗೆ ಪತ್ರ ಟೆಂಡರಿನ ಜೊತೆಗೇ ಬರಬೇಕು.

ಕೊನೆಗೆ ಯಾವ ಮಟ್ಟಕ್ಕೆ ಮುಗಿಸಬೇಕು? "ಮೂಲ ನೆಲದ ಮಟ್ಟದವರೆಗೆ" ಎಂಬ ಮಾತು ಇರಲೇಬೇಕು.

ಗುತ್ತಿಗೆ ಕೊಡುವುದೇ ಏಕೈಕ ದಾರಿಯಲ್ಲ. ಇಂದೋರ್ ಪಾಲಿಕೆ 2018ರಲ್ಲಿ ದೇವಗುರಾಡಿಯಾದ ಸುಮಾರು 100 ಎಕರೆಯ ಗುಡ್ಡವನ್ನು ಬಾಡಿಗೆ ಯಂತ್ರ ತಂದು, ತನ್ನದೇ ಸಿಬ್ಬಂದಿಯ ಉಸ್ತುವಾರಿಯಲ್ಲಿ ಕರಗಿಸಿತು. ಖರ್ಚು ತುಂಬಾ ಇಳಿಯಿತು. ಒಳ್ಳೆಯ ಎಂಜಿನಿಯರ್ ಇರುವ ನಗರಸಭೆಗಳು ಇದನ್ನು ಯೋಚಿಸಬೇಕು.

## ಹಂತ 8: ಕೆಲಸ ನಡೆಯುವಾಗ ಏನು ನೋಡಬೇಕು

ಸರಿಯಾದ ಕ್ರಮ ಹೀಗೆ. ಗುಡ್ಡವನ್ನು ಪದರ ಪದರವಾಗಿ ಬಿಡಿಸಿ ಉದ್ದ ಸಾಲುಗಳಾಗಿ ಹರಡುತ್ತಾರೆ. ಸೂಕ್ಷ್ಮಜೀವಿಗಳ ದ್ರಾವಣ ಸಿಂಪಡಿಸುತ್ತಾರೆ. ಆಗಾಗ ಮಗುಚುತ್ತಾರೆ. ವಾಸನೆ ಇಳಿದು, ತೇವ ಆರಿ, ಕಸ ಪುಡಿಯಾಗುವ ಹದಕ್ಕೆ ಬಂದ ಮೇಲೆ ಟ್ರಾಮೆಲ್ ಎಂಬ ತಿರುಗುವ ಜರಡಿಗೆ ಹಾಕುತ್ತಾರೆ. ಅಲ್ಲಿ ನುಣ್ಣನೆ ಮಣ್ಣು, ಕಲ್ಲು-ಇಟ್ಟಿಗೆ ಚೂರು, ಉರಿಯುವ ತುಣುಕು ಬೇರೆ ಬೇರೆಯಾಗುತ್ತವೆ. ನವೆಂಬರಿನಿಂದ ಮೇ ವರೆಗೆ ಕೆಲಸ ಚುರುಕಾಗಿ ನಡೆಯುತ್ತದೆ. ಕರಾವಳಿ, ಮಲೆನಾಡಿನಲ್ಲಿ ಜೂನ್ ಆದಮೇಲೆ ಯಂತ್ರ ನಿಂತೇ ಹೋಗುತ್ತದೆ. ಕಾಮಗಾರಿ ಆದೇಶ ಏಪ್ರಿಲ್ ಕೊನೆಗೆ ಬಂದರೆ ಆ ವರ್ಷ ಹೋದಂತೆಯೇ ಲೆಕ್ಕ.

ಹರಡಿ ಮಗುಚದೆ ನೇರ ಜರಡಿಗೆ ಹಾಕುವುದು ತೀರಾ ಸಾಮಾನ್ಯ ಅಡ್ಡದಾರಿ. ಗುರುತಿಸುವುದು ಸುಲಭ. ಉರಿಯುವ ತುಣುಕಿನ ರಾಶಿ ಹತ್ತಿರ ಹೋಗಿ ನೋಡಿ. ಪ್ಲಾಸ್ಟಿಕ್ ಹಾಳೆಗೆ ಒದ್ದೆ ಮಣ್ಣು ಅಂಟಿಕೊಂಡು ಭಾರವಾಗಿದ್ದರೆ ಹದ ಬರುವ ಮೊದಲೇ ಸೋಸಿದ್ದಾರೆ. ಅಂಥದ್ದನ್ನು ಸಿಮೆಂಟ್ ಕಾರ್ಖಾನೆ ಒಪ್ಪುವುದಿಲ್ಲ.

ನುಣ್ಣನೆ ಮಣ್ಣನ್ನೂ ನೋಡಬೇಕು. ಒಂದು ಬಕೆಟ್ ತೆಗೆದು ಬಿಳಿ ಗೋಣಿ ಅಥವಾ ಹಾಳೆಯ ಮೇಲೆ ತೆಳ್ಳಗೆ ಹರಡಿ, ದಪ್ಪ ಕೈಗವಸು ಹಾಕಿಕೊಂಡು ಕೆದಕಿ. ಗಾಜಿನ ಚೂರು, ಶ್ಯಾಂಪೂ ಸ್ಯಾಶೆ, ಬ್ಯಾಟರಿಯ ಕಪ್ಪು ಪುಡಿ, ಸಿರಿಂಜಿನ ತುದಿ ಕಂಡರೆ ಫೋಟೋ ತೆಗೆದು ಅಂದೇ ಪರಿಸರ ಎಂಜಿನಿಯರ್‌ಗೆ ಕಳಿಸಿ. ಈ ಮಣ್ಣನ್ನು ಗೊಬ್ಬರ ಎಂದು ರೈತರಿಗೆ ಕೊಡುವ ಆಸೆ ಎಲ್ಲ ಕಡೆ ಇರುತ್ತದೆ. ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ನಗರದ ಕಾಂಪೋಸ್ಟಿಗೆ ಮಿತಿ ಇದೆ: ಕಿಲೋಗೆ ಸೀಸ 100 ಮಿಲಿಗ್ರಾಂ, ಕ್ರೋಮಿಯಂ 50, ನಿಕ್ಕಲ್ 50, ಕ್ಯಾಡ್ಮಿಯಂ 5. ಪರೀಕ್ಷಾ ವರದಿ ನೋಡದೆ ಒಂದು ಟ್ರ್ಯಾಕ್ಟರ್ ಲೋಡನ್ನೂ ಹೊಲಕ್ಕೆ ಬಿಡಬೇಡಿ. ಊರಿನ ವಿಷವನ್ನು ಪಕ್ಕದ ಹಳ್ಳಿಯ ರೈತರ ಭೂಮಿಗೆ ದಾಟಿಸುವುದು ಅನ್ಯಾಯ.

ತಿಂಗಳಿಗೊಮ್ಮೆ ಒಂದು ಕೂಡು-ಕಳೆ ಮಾಡಿ. ಜರಡಿಗೆ ಹೋದ ಟನ್ ಎಷ್ಟು? ಮಣ್ಣು, ಕಲ್ಲು, ಉರಿಯುವ ತುಣುಕು ಸೇರಿ ಹೊರಗೆ ಹೋದದ್ದು ಎಷ್ಟು? ತೇವ ಆರಿ ಸ್ವಲ್ಪ ಕಮ್ಮಿಯಾಗುವುದು ಸಹಜ. ಆದರೆ ಹೊರಗೆ ಹೋದದ್ದರ ತಲುಪಿದ ರಸೀದಿ ಇರಬೇಕು. ಕಾರ್ಖಾನೆಯ ಗೇಟಿನ ತೂಕದ ಚೀಟಿ ಇಲ್ಲದೆ "ಕಳಿಸಿದ್ದೇವೆ" ಎಂಬ ಮಾತಿಗೆ ಬೆಲೆಯಿಲ್ಲ.

ಕೂಡಲೇ ದೂರು ಕೊಡಬೇಕಾದ ಗುರುತುಗಳು: ಸಾಲುಗಳಿಂದ ಹೊಗೆ, ಕಪ್ಪು ನೀರು ಚರಂಡಿ ಅಥವಾ ಕೆರೆ ಕಡೆ ಹರಿಯುವುದು, ಮಳೆಗಾಲಕ್ಕೂ ಮುಚ್ಚದೆ ಬಿಟ್ಟ ಉರಿಯುವ ತುಣುಕಿನ ರಾಶಿ, ರಾತ್ರಿ ಹೊತ್ತು ಹೊರಹೋಗುವ ಲಾರಿ, ಮಾಸ್ಕು, ಬೂಟು ಇಲ್ಲದ ಕೆಲಸಗಾರರು, ಗುಡ್ಡದ ಎತ್ತರ ಇಳಿಯದಿದ್ದರೂ ಬಿಲ್ಲಿನ ಟನ್ ಏರುವುದು.

## ಹಂತ 9: ಮಕ್ಕಳನ್ನು ಬಿಡುವ ಮೊದಲು ಮಣ್ಣಿನ ಪರೀಕ್ಷೆ

ಜಾಗ ಖಾಲಿಯಾಗಿ ಕಾಣುತ್ತದೆ. ಉದ್ಘಾಟನೆಯ ಅವಸರ ಶುರುವಾಗುತ್ತದೆ. ಇಲ್ಲಿ ಹಟ ಹಿಡಿಯಿರಿ.

ಜಾಗವನ್ನು ಚೌಕಗಳಾಗಿ ಗುರುತು ಮಾಡಿ, ಪ್ರತಿ ಚೌಕದಿಂದ ಮೇಲ್ಮಣ್ಣು ಮತ್ತು ಒಂದು ಮೀಟರ್ ಆಳದ ಮಣ್ಣು ಎರಡನ್ನೂ ತೆಗೆಯಬೇಕು. ಮಾನ್ಯತೆ ಇರುವ ಪ್ರಯೋಗಾಲಯದಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಆರ್ಸೆನಿಕ್, ಪಾದರಸ, ನಿಕ್ಕಲ್ ನೋಡಿಸಬೇಕು. ಹಂತ 4ರಲ್ಲಿ ಪರೀಕ್ಷಿಸಿದ ಅದೇ ಬೋರ್‌ವೆಲ್‌ಗಳ ನೀರನ್ನು ಮತ್ತೆ ಪರೀಕ್ಷಿಸಬೇಕು. ಎಲ್ಲ ಚೌಕದ ಮಣ್ಣು ಕಲಸಿ ಒಂದೇ ಮಾದರಿ ಮಾಡಿದರೆ ಕೆಟ್ಟ ಮೂಲೆ ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ. ಅದಕ್ಕೆ ಒಪ್ಪಬೇಡಿ.

ಕೆಟ್ಟ ಚೌಕ ಸಿಕ್ಕರೆ ಆ ಮಣ್ಣು ತೆಗೆಸಿ, ಇಲ್ಲವೇ ಜೇಡಿ ಪದರ ಹಾಕಿ ಮೇಲೆ ಶುದ್ಧ ಮಣ್ಣು ಹಾಕಿಸಿ. ಅಲ್ಲಿ ನೆರಳಿನ ಮರ, ಪಾರ್ಕಿಂಗ್ ಇರಲಿ. ಮಕ್ಕಳ ಮರಳುಗುಂಡಿ, ತರಕಾರಿ ಮಡಿ ಬೇಡ.

ಬಯೋಮೈನಿಂಗ್ ಆಗದೆ ಮುಚ್ಚಿದ ಗುಡ್ಡವಾದರೆ ಎಚ್ಚರ ಇನ್ನೂ ಜಾಸ್ತಿ ಬೇಕು. ಮುಚ್ಚಿದ ಮೇಲೂ ಕನಿಷ್ಠ 15 ವರ್ಷ ಅನಿಲ, ಕೊಳೆನೀರು, ಅಂತರ್ಜಲದ ನಿಗಾ ಇರಬೇಕು ಎಂದು 2016ರ ನಿಯಮ ಹೇಳಿತ್ತು. ಅಂಥ ಜಾಗದಲ್ಲಿ ಅಷ್ಟರೊಳಗೆ ಮನೆ, ಅಂಗನವಾಡಿ, ಸಮುದಾಯ ಭವನ ಕಟ್ಟುವ ಮಾತು ಬಂದರೆ ಲಿಖಿತ ಆಕ್ಷೇಪಣೆ ಸಲ್ಲಿಸಿ.

## ಹಂತ 10: ಪಾರ್ಕನ್ನು ಪಟ್ಟಿಗೆ ಸೇರಿಸಿ

ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಸಂರಕ್ಷಣಾ ಕಾಯ್ದೆ 1985ರದ್ದು. ಅದರಡಿ ಸ್ಥಳೀಯ ಸಂಸ್ಥೆ ಇಡುವ ಪಟ್ಟಿಗೆ ನಿಮ್ಮ ಜಾಗ ಸೇರಿದರೆ, ಮುಂದೆ ಬೇರೆ ಬಳಕೆಗೆ ತಿರುಗಿಸುವುದು ಕಷ್ಟ. ಬೋರ್ಡ್ ನೆಟ್ಟು ಫೋಟೋ ಹಾಕಿದರೆ ಈ ರಕ್ಷಣೆ ಸಿಗುವುದಿಲ್ಲ. ಪಟ್ಟಿಯಲ್ಲಿ ಸರ್ವೆ ನಂಬರ್ ಇರುವ ಪುಟದ ದೃಢೀಕೃತ ನಕಲು ತೆಗೆದಿಡಿ.

## ಫೈಲು ನಿಂತರೆ

ಮೊದಲ ಅಸ್ತ್ರ ಆರ್‌ಟಿಐ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಎಲ್ಲವನ್ನೂ ಒಂದರಲ್ಲೇ ತುರುಕಿದರೆ ತಿರಸ್ಕಾರವಾಗುತ್ತದೆ. ಸರ್ವೆ ವರದಿಗೆ ಒಂದು, ಬಿಲ್ಲಿಗೆ ಒಂದು, ತೂಕದ ಚೀಟಿಗೆ ಒಂದು ಹಾಕಿ.

ತುಂಬಾ ಜನರಿಗೆ ಗೊತ್ತಿಲ್ಲದ ಒಂದು ಹಕ್ಕು ಇದೇ ಕಾಯ್ದೆಯಲ್ಲಿದೆ. 2(ಜೆ) ಸೆಕ್ಷನ್ ಪ್ರಕಾರ ನೀವು ಕಾಮಗಾರಿಯನ್ನೇ ಪರಿಶೀಲಿಸಬಹುದು, ವಸ್ತುವಿನ ದೃಢೀಕೃತ ಮಾದರಿ ಕೇಳಬಹುದು. ಅಂದರೆ ಸೋಸಿದ ಮಣ್ಣಿನ ಒಂದು ಚೀಲವನ್ನು ಅಧಿಕಾರಿಯ ಸಹಿ, ಸೀಲಿನ ಜೊತೆ ಪಡೆದು ನೀವೇ ಪ್ರಯೋಗಾಲಯಕ್ಕೆ ಕಳಿಸಬಹುದು.

ಆಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು. ಕೊನೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ನಮ್ಮ ಭಾಗಕ್ಕೆ ಚೆನ್ನೈ ಪೀಠ. ಅಲ್ಲಿಗೆ ಹೋಗುವಾಗ ಭಾವುಕ ಮನವಿಗಿಂತ ನೋಟ್‌ಬುಕ್ಕಿನ ತೇದಿಗಳು, ಎರಡು ಬೋರ್‌ವೆಲ್ ವರದಿ, ಆರ್‌ಟಿಐ ಉತ್ತರ ಇವು ನಿಲ್ಲುತ್ತವೆ.

ಪಾರ್ಕ್ ತೆರೆದ ಮೇಲೂ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ನವೆಂಬರಿನಲ್ಲಿ, ಅದೇ ಮೂರು ಬೋರ್‌ವೆಲ್ ನೀರನ್ನು ಪರೀಕ್ಷೆಗೆ ಕಳಿಸಿ. ಖರ್ಚನ್ನು ಉದ್ಯಾನ ನಿರ್ವಹಣೆಯ ವಾರ್ಷಿಕ ಬಜೆಟ್ಟಿನಲ್ಲೇ ಸೇರಿಸಲು ಹೇಳಿ, ವರದಿಯನ್ನು ಗೇಟಿನ ಸೂಚನಾ ಫಲಕಕ್ಕೆ ಅಂಟಿಸಿ.